ಒದ್ದು ಕಣ್ಣಿಗೊತ್ತಿಕೊಳ್ಳುವ ಕಾಡಸಿದ್ದಪ್ಪನವರು

ತಿಪಟೂರಿನ ಎಣ್ಣೆ ವರ್ತಕರಾದ ಕಾಡಸಿದ್ದಪ್ಪನವರು ಯಾವ ವಸ್ತುವಿನ ಯೋಗ್ಯತೆಯನ್ನೂ ಕೈಯಿಂದ ಪರೀಕ್ಷಿಸಿದವರಲ್ಲ. ಕಾಲಿನಿಂದ ಒದ್ದು ನೋಡುವವರು. ಒದ್ದ ಮರುಕ್ಷಣವೇ, ಎಣ್ಣೆ ತುಂಬುವ ಪಾತ್ರೆಯಲ್ಲಿ ಲಕ್ಷ್ಮಿ ಇರುತ್ತಾಳೆಂಬುದು ನೆನಪಾಗಿ, ಬಾಗಿ ಅದನ್ನು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಳ್ಳುವರು. ಪರೀಕ್ಷೆಯೂ ಪ್ರಾಯಶ್ಚಿತ್ತವೂ ಒಂದೇ ಉಸಿರಿನಲ್ಲಿ ಮುಗಿಯುವ ಈ ಕ್ರಿಯೆಯನ್ನು ಅವರು ಎಷ್ಟು ಗಾಂಭೀರ್ಯದಿಂದ ನಡೆಸುತ್ತಿದ್ದರೆಂದರೆ, ನೋಡುತ್ತ ನಿಂತವರಲ್ಲಿ ಕೆಲವರು ತಮಗರಿವಿಲ್ಲದೆ ತಾವೂ ಕೈಮುಗಿದುಬಿಡುತ್ತಿದ್ದರು. ಒಮ್ಮೆ ನಾನೂ ಮುಗಿದಿದ್ದೇನೆ.

ಹಾಗೆ ಒದೆ ತಿನ್ನುತ್ತಿದ್ದುದು ಬಿಳಿಯ ಪ್ಲಾಸ್ಟಿಕ್ ಕ್ಯಾನು. ಎಂಬತ್ತರ ದಶಕ ಹುಟ್ಟುವವರೆಗೆ ನಮ್ಮ ಸೀಮೆಯ ಕೊಬ್ಬರಿ ಎಣ್ಣೆಯೆಲ್ಲ ತಗಡಿನ ಡಬ್ಬದಲ್ಲೇ ಓಡಾಡುತ್ತಿತ್ತು. ತುಕ್ಕು ಹಿಡಿಯುವುದು, ಸೋರುವುದು, ಲಾರಿಯ ಕುಲುಕಾಟಕ್ಕೆ ಜಜ್ಜಿಹೋಗುವುದು ಆ ಡಬ್ಬದ ಹಣೆಬರಹ. ಬೊಂಬಾಯಿಯ ಏಜೆಂಟನೊಬ್ಬ ಬಂದು, ಸೋಪಿನ ಕಾರ್ಖಾನೆಗಳು ಇನ್ನು ಎಣ್ಣೆಯನ್ನು ಕ್ಯಾನಿನಲ್ಲೇ ಕೇಳುತ್ತವೆಂದು ಹೇಳಿಹೋದ ದಿನದಿಂದ ಕಾಡಸಿದ್ದಪ್ಪನವರು ಬರೀ ವರ್ತಕರಾಗಿ ಉಳಿಯಲಿಲ್ಲ, ಪ್ರವಾದಿಗಳಾದರು. 'ಹೈ ಡೆನ್ಸಿಟಿ ಪಾಲಿಥೀನು' ಎಂಬ ಆ ಪ್ಲಾಸ್ಟಿಕ್ಕಿನ ಹೆಸರನ್ನು ಪಂಚಾಕ್ಷರಿ ಜಪಿಸುವವರಂತೆ ಕಣ್ಣುಮುಚ್ಚಿ ಉಚ್ಚರಿಸುವರು. ಕಡುಬೇಸಿಗೆಯಲ್ಲೂ ಬಿಚ್ಚದ ಕಂದು ಕೋಟಿನ ಬಲಜೇಬಿನಲ್ಲಿ ಕ್ಯಾನಿನಿಂದ ಕತ್ತರಿಸಿದ ಅಂಗೈಯಗಲದ ತುಂಡೊಂದು ಸದಾ ಸಿದ್ಧ. ಎದುರಾದವರ ಕೈಗೆ ಅದನ್ನಿತ್ತು "ಕಚ್ಚಿ ನೋಡ್ರಿ" ಎನ್ನುವರು. ಮದುವೆಮನೆಯಲ್ಲಿ ಬೀಗರು ಕಚ್ಚಿದ್ದುಂಟು. ಅದರ ಅಂಚಿನಲ್ಲಿ ತಾಲ್ಲೂಕಿನ ಬಹುಪಾಲು ಗಣ್ಯರ ಹಲ್ಲಿನ ಗುರುತುಗಳಿದ್ದವು.

"ಬೀಳ್ಸಿ, ಒದೀರಿ, ಎತ್ತಿ ಎಸೀರಿ. ಏನೂ ಆಗಲ್ಲ ಕಣ್ರೀ."

ಈ 'ಏನೂ ಆಗಲ್ಲ'ವನ್ನು ನಂಬಿ ಹೊನ್ನವಳ್ಳಿಯ ಗಾಣದವರು ಕ್ಯಾನು ಕೊಂಡರು, ಮಾಯಸಂದ್ರದ ಅಂಗಡಿಯವರು ಕೊಂಡರು. ದಂಡಿನಶಿವರದಲ್ಲಿ ಒಬ್ಬರೇ ಎಣ್ಣೆ ಅಂಗಡಿ ನಡೆಸುತ್ತಿದ್ದ ಮೀನಾಕ್ಷಮ್ಮನವರಂತೂ ಇದ್ದಬದ್ದ ಎಣ್ಣೆಯನ್ನೆಲ್ಲ ಕ್ಯಾನಿಗೆ ಬಗ್ಗಿಸಿ, ಹಳೆಯ ಡಬ್ಬಗಳನ್ನು ಗುಜರಿಗೆ ಹಾಕಿಯೇಬಿಟ್ಟರು. ಅವರ ಜೀವನವೆಲ್ಲ ಈಗ ಆ ಬಿಳಿಯ ಕ್ಯಾನುಗಳಲ್ಲಿತ್ತು.

ಅಷ್ಟರಲ್ಲಿ ಮಾರ್ಗಶಿರ ಬಂತು. ಚಳಿಗೆ ಕೊಬ್ಬರಿ ಎಣ್ಣೆ ಬೆಣ್ಣೆಯಂತೆ ಹೆಪ್ಪುಗಟ್ಟುವುದೂ, ತೆಂಗಿನ ಕರಟದ ಕೆಂಡ ಹರಡಿ ಅದರ ಮೇಲೆ ಡಬ್ಬ ಕೂರಿಸಿ ಕರಗಿಸುವುದೂ ನಮ್ಮಲ್ಲಿ ತಾತಂದಿರ ಕಾಲದ ಪದ್ಧತಿ. ಒಂದು ಬೆಳಿಗ್ಗೆ, ಡಬ್ಬಗಳಿಗೆ ಬೆಸುಗೆ ಹಾಕಿ ಬದುಕುತ್ತಿದ್ದ ನಂಜುಂಡಪ್ಪ, ಜನ ಸೇರಿದ್ದಾಗ ಕಾಡಸಿದ್ದಪ್ಪನವರ ಅಂಗಡಿಯ ಮುಂದೆ ನಿಂತು ಕೆಣಕಿದ.

"ಸಿದ್ದಪ್ನೋರೇ, ಒದ್ದಿದ್ದು ಸಾಕು. ಎಣ್ಣೆ ಬಗ್ಸಿ, ನೋಡಾನ."

"ಅದಕ್ಕೇನ್ಲಾ, ಕೆಂಡ ಹಾಕ್ಸಿದ್ರೆ ಆಯ್ತು."

"ಕೆಂಡದ ಮ್ಯಾಲೂ ಏನೂ ಆಗಲ್ವಾ?"

ಕಾಡಸಿದ್ದಪ್ಪನವರ ಮನಸ್ಸಿನಲ್ಲಿ ಅನುಮಾನವೊಂದು ಸುಳಿಯಿತು. ಏಜೆಂಟು ಬೀಳಿಸುವುದನ್ನು ಹೇಳಿದ್ದ, ಒದೆಯುವುದನ್ನು ಹೇಳಿದ್ದ, ಕೆಂಡದ ಮಾತೆತ್ತಿರಲಿಲ್ಲ. ಪಾಪ, ಕಡಲ ತೀರದ ಸೆಕೆಯಲ್ಲಿ ಬೆಳೆದವನು, ಕೆಂಡದ ಯೋಚನೆ ಅವನಿಗೆಲ್ಲಿಂದ ಬರಬೇಕು? ಆದರೆ ಅಷ್ಟು ಜನ ನೆರೆದಿರುವಾಗ 'ಗೊತ್ತಿಲ್ಲ' ಎಂಬ ಮಾತು ಕೋಟು ತೊಟ್ಟವರ ಬಾಯಿಂದ ಬರುವುದುಂಟೆ?

"ಏನೂ ಆಗಲ್ಲ ಕಣ್ಲಾ" ಎಂದರು.

ಕೆಂಡದ ಮೇಲೆ ಕೂತ ಕ್ಯಾನು ಮೊದಲು ಬೆವರಿದಂತೆ ಮಿನುಗಿತು; ಆಮೇಲೆ ಮೊಣಕಾಲು ಸಡಿಲಿದ ಮುದುಕನ ಹಾಗೆ ಒಂದು ಬದಿಗೆ ವಾಲಿತು; ಕೊನೆಗೆ ತಳ ಬಿಟ್ಟುಕೊಟ್ಟಿತು. ಕೆಂಡಕ್ಕೆ ಸುರಿದ ಎಣ್ಣೆ ಭಗ್ಗನೆ ಹೊತ್ತಿ, ಜನ ಮಣ್ಣೆರಚಿ ಆರಿಸುವಷ್ಟರಲ್ಲಿ ಹೈ ಡೆನ್ಸಿಟಿಯೆಂಬುದು ಸುಟ್ಟ ಹಪ್ಪಳದಂತೆ ಮುರುಟಿತ್ತು.

"ಒದ್ದಿದ್ರೆ ಏನೂ ಆಗ್ತಿರ್ಲಿಲ್ಲ, ಬುಡಿ" ಎಂದ ನಂಜುಂಡಪ್ಪ. ಬೀದಿಗೆ ಬೀದಿಯೇ ನಕ್ಕಿತು.

ಕಾಡಸಿದ್ದಪ್ಪನವರು ನಗಲೂ ಇಲ್ಲ, ಸಿಡುಕಲೂ ಇಲ್ಲ. ಮುರುಟಿದ ತಳದ ಒಂದು ಚೂರನ್ನು ಹೆಕ್ಕಿ, ಈ ಸಲ ಒದೆಯದೆಯೇ ಕಣ್ಣಿಗೊತ್ತಿಕೊಂಡು ಎಡಜೇಬಿಗೆ ಹಾಕಿದರು. ಮುಖದ ಮಸಿಯನ್ನೂ ಒರೆಸಿಕೊಳ್ಳದೆ ಅವರು ಕೇಳಿದ್ದು ಒಂದೇ ಮಾತು: "ದಂಡಿನಶಿವರದ ಬಸ್ಸು ಹೋಯ್ತೇನ್ಲಾ?"

ಹೋಗಿತ್ತು. ಕೊಬ್ಬರಿ ಲಾರಿಯೊಂದಕ್ಕೆ ಕೈಯೊಡ್ಡಿ, ಮೂಟೆಗಳ ನೆತ್ತಿಯ ಮೇಲೆ ಕೋಟಿನ ಸಮೇತ ವಿರಾಜಮಾನರಾಗಿ ಹೊರಟರು. ಮುಂದಿನದನ್ನು ನನಗೆ ಹೇಳಿದವರು ಮೀನಾಕ್ಷಮ್ಮನವರೇ. ಅವರು ಅಂಗಳದಲ್ಲಿ ಕರಟ ಹೊತ್ತಿಸಿ, ಹೊಗೆ ಅಡಗಿ ಕೆಂಡವಾಗಲೆಂದು ಕ್ಯಾನನ್ನು ಪಕ್ಕಕ್ಕೆ ಎಳೆದಿಟ್ಟುಕೊಂಡು ಕಾಯುತ್ತಿದ್ದರಂತೆ.

"ಇಡ್ಬ್ಯಾಡಿ ಕಣಮ್ಮ, ಕ್ಯಾನೇ ಕರಗೋಯ್ತದೆ."

"ನೀವೇ ಅಲ್ವಾ ಏನೂ ಆಗಲ್ಲ ಅಂದಿದ್ದು?"

"ನಾನೇ. ಗೊತ್ತಿಲ್ದೆ ಅಂದೆ."

ಆ ಹಿರಿಯ ದೇಹದಿಂದ ಹೊರಬರಲು ಆ ಕೊನೆಯ ಎರಡು ಪದಗಳು ಪಟ್ಟ ಪ್ರಯಾಸವನ್ನು ಕಂಡು ಮೀನಾಕ್ಷಮ್ಮನವರಿಗೆ ಬಯ್ಯಬೇಕೆಂದಿದ್ದ ಮಾತು ಮರೆತೇಹೋಯಿತಂತೆ. "ಕೂತ್ಕಳಿ. ಮುಖವೆಲ್ಲ ಮಸಿ. ಕಾಫಿ ಕಾಯಿಸ್ತೀನಿ, ಹೆಂಗೂ ಕೆಂಡ ಆಗೈತೆ" ಎಂದರಂತೆ. ಕಾಫಿ ಕುಡಿದು, ಎಣ್ಣೆ ಕರಗಲೆಂದು ಕ್ಯಾನನ್ನು ಬಿಸಿಲಿಗೆ ಸರಿಸಿಕೊಟ್ಟು, ಕಾಡಸಿದ್ದಪ್ಪನವರು ಹಾಗೆಯೇ ಮಾಯಸಂದ್ರಕ್ಕೂ ಅಲ್ಲಿಂದ ಹೊನ್ನವಳ್ಳಿಗೂ ಹೋಗಿ ಅದೇ ಮಾತನ್ನು ಹೇಳಿಬಂದರು.

ಆಮೇಲೂ ಅವರು ಒದೆಯುವುದನ್ನು ಬಿಡಲಿಲ್ಲ, ಕೋಟನ್ನೂ ಬಿಡಲಿಲ್ಲ. ಬಲಜೇಬಿನ ಬಿಳಿಯ ತುಂಡನ್ನು ಕಚ್ಚಿಸಿದ ಮೇಲೆ ಎಡಜೇಬಿನ ಮುರುಟಿದ ಚೂರನ್ನೂ ತೆಗೆದು ತೋರಿಸುವರು. "ಬೆಂಕಿ ಒಂದ್ ಬುಟ್ಟು, ಇನ್ನೇನ್ ಮಾಡಿದ್ರೂ ಏನೂ ಆಗಲ್ಲ ಕಣ್ರೀ" ಎಂದು ಹೇಳುವಾಗ ಗಾಂಭೀರ್ಯ ಮೊದಲಿಗಿಂತ ಒಂದು ತೂಕ ಹೆಚ್ಚೇ ಇತ್ತು.

ಊರಿಗೆ ಹೊಸತನ್ನು ತರುವವರು ತಮಗೆ ಗೊತ್ತಿರುವುದಕ್ಕಿಂತ ಒಂದು ಗೇಣು ಹೆಚ್ಚಾಗಿಯೇ ಮಾತಾಡುತ್ತಾರೆ. ಮಾತಾಡದಿದ್ದರೆ ನಮ್ಮಂಥವರು ಇಂದಿಗೂ ಸೋರುವ ಡಬ್ಬದ ತಳಕ್ಕೆ ಬೆಸುಗೆ ಹಾಕಿಸುತ್ತ ಕುಳಿತಿರುತ್ತಿದ್ದೆವು. ಆ ಹೆಚ್ಚಿನ ಗೇಣನ್ನು ಹಿಂದಕ್ಕೆ ಪಡೆಯಲು ಮಸಿ ಮುಖದಲ್ಲಿ ಲಾರಿಯೇರಿ ಬರುವವರು ಅವರಲ್ಲಿ ವಿರಳ. ಉಳಿದ ಪ್ರವಾದಿಗಳ ಕೋಟಿಗೆ ಒಂದೇ ಜೇಬು.