ಬೆಪ್ಪನ ತೋಳುಗವಸು

ನನ್ನ ತಂಗಿಯ ಗಂಡ ಪರದೆ ಬಟ್ಟೆ ಮಾರುತ್ತಾನೆ. ಅಂಗಡಿಯಲ್ಲಿ ಯಾವ ಗಿರಾಕಿಯಾದರೂ ಸ್ವಲ್ಪ ದನಿ ಏರಿಸಿದರೆ ಸಾಕು, ತಾನು ಹಿಂದೆ ಸರಿದು ದರ್ಜಿಯನ್ನು ಮುಂದೆ ತಳ್ಳುತ್ತಾನೆ. ಇಂಥ ಪುಕ್ಕಲನಿಗೆ ನಲವತ್ತು ದಾಟಿದ ಮೇಲೆ ಗಂಡಸುತನ ನೆನಪಾಗಿ ಒಂದು ರಾಟ್‌ವೀಲರ್ ನಾಯಿಮರಿ ತಂದ.

"ಇದರಪ್ಪ ಮೂರು ಜನಕ್ಕೆ ಕಚ್ಚಿದಾನೆ ಅತ್ತಿಗೆ," ಎಂದ, ಮಗ ಪರೀಕ್ಷೆಯಲ್ಲಿ ಮೊದಲು ಬಂದವರ ಹಾಗೆ ಮುಖ ಅರಳಿಸಿ. "ರಕ್ತದಲ್ಲೇ ಇದೆ."

"ಮರಿ ತಂದ್ರೋ, ಕೇಸು ತಂದ್ರೋ?" ಎಂದೆ. ಅವನಿಗೆ ಅದೂ ಹೊಗಳಿಕೆಯಾಗಿ ಕೇಳಿಸಿತು.

ಬಾಲವನ್ನು ಮಾರಿದವನೇ ಕತ್ತರಿಸಿ ಕೊಟ್ಟಿದ್ದ. ಬಾಲವಿದ್ದರೆ ಅಲ್ಲಾಡಿಸೀತು, ಅಲ್ಲಾಡಿಸುವ ನಾಯಿಗೆ ಯಾರು ಹೆದರುತ್ತಾರೆ? ಪಾಪ, ಅದು ಖುಷಿಯಾದಾಗ ಸೊಂಟವನ್ನೇ ಅಲ್ಲಾಡಿಸುತ್ತಿತ್ತು. ಅದರ ವಂಶಾವಳಿಯ ಕಾಗದ ಚೌಕಟ್ಟು ಸೇರಿ ಹಜಾರದ ಗೋಡೆಗೆ ಬಂತು. ಅಲ್ಲಿದ್ದ ಅವನ ಸ್ವಂತ ಅಪ್ಪನ ಫೋಟೊ ಅಡುಗೆಮನೆ ಬಾಗಿಲ ಹಿಂದಕ್ಕೆ ಹೋಯಿತು.

ಅವನು ಇಟ್ಟ ಹೆಸರು ಕಮಾಂಡರ್. ಅವನ ತಾಯಿ ಕರೆದದ್ದು ಬೆಪ್ಪ. ಅವರ ಚಪ್ಪಲಿ ಕಚ್ಚಿಕೊಂಡು ಓಡುವುದು, ಅವರು "ಸಾಕು ಬಿಡೋ" ಅಂದ ಕೂಡಲೇ ಉಗುಳಿ ಅವರ ಪಾದದ ಮೇಲೆ ಗಲ್ಲವಿಟ್ಟು ಮಲಗುವುದು, ಇಷ್ಟೇ ಅದರ ದಂಡಯಾತ್ರೆ. ತಂಗಿಯ ಗಂಡನಿಗೆ ಮರ್ಯಾದೆ ಹೋದಂತಾಯಿತು. ನಾಯಿ ಪಳಗಿಸುವವನೊಬ್ಬನನ್ನು ಕರೆಸಿದ.

ಆತ ಎಡತೋಳಿಗೆ ದಿಂಬಿನಷ್ಟು ದಪ್ಪದ ಗವಸು ತೊಟ್ಟು ನಾಯಿಯ ಮುಂದೆ ಕೈ ಬೀಸುತ್ತಿದ್ದ. ನಾಯಿ ಹಾರಿ ಗವಸು ಹಿಡಿದರೆ ಬಿಸ್ಕತ್ತು. ಬೆಪ್ಪನಿಗೆ ಇದಕ್ಕಿಂತ ಒಳ್ಳೆಯ ಆಟ ಈ ಲೋಕದಲ್ಲಿ ಇರಲಿಲ್ಲ.

"ಇನ್ನು ಬಿಡೋದು ಕಲಿಸ್ಬೇಕು ಸಾರ್. ಅದಕ್ಕೇ ಜಾಸ್ತಿ ದಿನ ಹಿಡಿಯುತ್ತೆ," ಎಂದ ಆತ.

"ಹಿಡಿಯೋದು ಬಂತಲ್ಲ, ಸಾಕು," ಎಂದು ಇವನು ಆತನನ್ನು ಕಳಿಸಿ ಗವಸನ್ನು ಕೊಂಡಿಟ್ಟುಕೊಂಡ. ಮನೆಗೆ ನೆಂಟರು ಬಂದಾಗಲೆಲ್ಲ ಅಂಗಡಿಯ ದರ್ಜಿಗೆ ಅದನ್ನು ತೊಡಿಸಿ ಅಂಗಳದಲ್ಲಿ ನಿಲ್ಲಿಸುತ್ತಿದ್ದ. ತಾನು ಒಮ್ಮೆಯೂ ತೊಡಲಿಲ್ಲ. ಬೀದಿಯವರು ಅವರ ಗೇಟು ಬಂದರೆ ಆಚೆ ಬದಿಗೆ ದಾಟತೊಡಗಿದರು. ಅದನ್ನು ಕಿಟಕಿಯಿಂದ ನೋಡುತ್ತಾ ಚಹಾ ಕುಡಿಯುವುದೇ ಅವನ ಪರಾಕ್ರಮ.

ಹೀಗಿರುವಾಗ ಅವನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆಸ್ಪತ್ರೆಯಿಂದ ನಾನೇ ಕರೆತಂದೆ. ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರ್. ಬಾಗಿಲು ತೆರೆಯುತ್ತಲೇ ಬೆಪ್ಪ ಓಡಿಬಂದ. ಮೊದಲು ಅವರ ಮುಖ ನೋಡಿದ, ಆಮೇಲೆ ಆ ದಪ್ಪ ಬಿಳಿ ತೋಳು ನೋಡಿದ. ಹಾರಿ ಹಿಡಿದೇಬಿಟ್ಟ.

ಅವರು ಹೊಸ್ತಿಲಲ್ಲೇ ಕುಸಿದು ಕೂತರು. ನಾನು ಕೈಚೀಲದಲ್ಲಿ ಬಾರಿಸಿದೆ; ಅದನ್ನೂ ಅವನು ಆಟವೆಂದೇ ತಿಳಿದ. ಹಿಡಿದ ಬಾಯಿ ಸಡಿಲಿಸದೆ, ಸೊಂಟ ಅಲ್ಲಾಡಿಸುತ್ತಾ ಯಜಮಾನನ ಕಡೆ ನೋಡುತ್ತಿದ್ದ, ಬಿಸ್ಕತ್ತು ಎಲ್ಲಿ ಎಂದು. ಯಜಮಾನರು ಸೋಫಾದ ಮೇಲೆ ಹತ್ತಿ ನಿಂತಿದ್ದರು.

"ಸಾಕು ಬಿಡೋ ಬೆಪ್ಪ," ಎಂದರು ತಾಯಿ. ಬೆಪ್ಪ ಬಿಟ್ಟ. ಹಲ್ಲಿನ ಗುರುತು ಪ್ಲಾಸ್ಟರಿನ ಮೇಲೆ ಮಾತ್ರ ಉಳಿದಿತ್ತು. ಅವನು ಅವರ ಪಾದದ ಮೇಲೆ ಗಲ್ಲವಿಟ್ಟು ಮಲಗಿದ.

ಸೋಫಾದಿಂದ ಇಳಿದ ಮೇಲೆ ಮಗರಾಯನಿಗೆ ಧೈರ್ಯ ಬಂತು. ಅಂಗಡಿಯಿಂದ ದರ್ಜಿಯನ್ನು ಬರಹೇಳಿ ನಾಯಿಯನ್ನು ಸಾಮಾನಿನ ಕೋಣೆಯಲ್ಲಿ ಕೂಡಿಹಾಕಿಸಿ, ಪಶುವೈದ್ಯರಿಗೆ ಫೋನು ಮಾಡಿ, ಸಾಯುವ ಸೂಜಿ ಹಾಕಬೇಕೆಂದು ಕರೆಸಿದ.

"ತಳೀನೇ ಅಂಥದ್ದು ಅತ್ತಿಗೆ. ರಕ್ತದಲ್ಲೇ ಇದೆ," ಎಂದ ನನಗೆ. ಅದೇ ಬಾಯಿ, ಅದೇ ಮಾತು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದವಡೆಯ ಬಲ ತಳಿಯದು, ಇಲ್ಲವೆನ್ನುವುದಿಲ್ಲ. ದಪ್ಪ ತೋಳು ಕಂಡಲ್ಲಿ ಅದಕ್ಕೆ ಬಾಯಿ ಹಾಕು ಎಂದು ಬಿಸ್ಕತ್ತು ಕೊಡಿಸಿದ್ದು ಯಾರ ರಕ್ತ? ಕೋಣೆಯೊಳಗಿಂದ ಬಾಗಿಲು ಕೆರೆಯುವ ಸದ್ದು ಬರುತ್ತಿತ್ತು.

ವೈದ್ಯರು ಬಂದು ಪೆಟ್ಟಿಗೆ ತೆರೆದರು. ತಾಯಿ ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟುಕೊಂಡು, "ಒಂದ್ನಿಮಿಷ ಡಾಕ್ಟ್ರೇ," ಎಂದು ಮಗನ ಕಡೆ ತಿರುಗಿದರು. "ಎಲ್ಲಾ ರಕ್ತದಲ್ಲೇ ಇರುತ್ತೆ ಅಂದ್ಯಲ್ಲ. ನಿಮ್ಮಪ್ಪ ಜೀವಮಾನದಲ್ಲಿ ಒಬ್ಬರನ್ನೂ ಹೆದರಿಸಿದವರಲ್ಲ. ನೀನು ಯಾರ ರಕ್ತನಪ್ಪ?"

ಅವನು ಗೋಡೆಯ ಮೇಲಿನ ವಂಶಾವಳಿಯ ಚೌಕಟ್ಟಿನ ಕಡೆ ನೋಡಿದ.

"ರಕ್ತ ಅಲ್ಲ, ಸಾಕಿದವರ ತಪ್ಪು ಅಂತಾದ್ರೆ ನಿನ್ನನ್ನ ಸಾಕಿದವಳು ನಾನು. ಹೇಗೂ ಡಾಕ್ಟ್ರು ಬಂದಿದಾರೆ, ಆ ಸೂಜೀನ ನನಗೇ ಹಾಕಿಸ್ಬಿಡು."

ವೈದ್ಯರು ಪೆಟ್ಟಿಗೆ ಮುಚ್ಚಿದರು. ತಾಯಿ ನನ್ನನ್ನು ನೋಡಿ, "ನಿಮ್ಮ ಮನೆ ಹಿತ್ತಲಲ್ಲಿ ಜಾಗ ಇದ್ಯೇನಮ್ಮ?" ಎಂದು ಕೇಳಿದರು.

"ಇಬ್ಬರಿಗೂ ಇದೆ," ಎಂದೆ. ತಂಗಿ ಕಣ್ಣೊರೆಸಿಕೊಂಡು ಅತ್ತೆಯ ಬಟ್ಟೆಗಳನ್ನು ತುಂಬಿಕೊಟ್ಟಳು. ಅವರು ಗವಸನ್ನೂ ಕೇಳಿ ತಂದರು.

ವೈದ್ಯರ ಮಾತಿನಂತೆ ಪ್ಲಾಸ್ಟರ್ ತೆಗೆಯುವವರೆಗೂ ಬೆಪ್ಪನ ಬಾಯಿಗೆ ಕುಕ್ಕೆ ಹಾಕಿದೆವು. ಆಮೇಲೆ ಪಾಠ ತಿರುಗಿತು: ಗವಸು ನೆಲದಲ್ಲಿಟ್ಟು, ಮುಟ್ಟದೆ ಕೂತರೆ ಬಿಸ್ಕತ್ತು. ಕೈಗೆ ಬಲ ಬಂದ ಮೇಲೆ ಅವರು ಅದರ ಹೊಲಿಗೆ ಬಿಚ್ಚಿ, ಹರವಿ, ಪರದೆಯ ತುಂಡು ಹೊದಿಸಿ ಅವನಿಗೆ ಹಾಸಿಗೆ ಮಾಡಿದರು.

ಮೊನ್ನೆ ತಂಗಿಯ ಗಂಡ ನಮ್ಮ ಗೇಟಿಗೆ ಬಂದಿದ್ದ. ಹೊಸ ಮರಿ ತಂದಿದ್ದಾನಂತೆ, ಇನ್ನೂ ದೊಡ್ಡ ತಳಿ, ಅದರ ಅಜ್ಜ ಕರಡಿಯನ್ನೇ ಕೆಡವಿದ್ದನಂತೆ.

"ಅಮ್ಮ, ಆ ಗವಸು ಬೇಕಿತ್ತು," ಎಂದ, ಗೇಟಿನ ಆಚೆಯಿಂದಲೇ.

ತಾಯಿ ಹುರುಳಿಕಾಯಿ ಬಿಡಿಸುತ್ತಾ ತಲೆ ಎತ್ತಲಿಲ್ಲ. "ಜಗಲಿ ಮೇಲಿದೆ. ನಾಯಿ ಮಲಗಿದೆ ಅದರ ಮೇಲೆ. ಎಬ್ಬಿಸಿ ತಗೊಂಡು ಹೋಗು."

ಬೆಪ್ಪ ಹಳೆಯ ಯಜಮಾನನನ್ನು ಕಂಡು ಎದ್ದ, ಸೊಂಟ ಅಲ್ಲಾಡಿಸಿದ. ಇವನು ಚಿಲಕದ ಮೇಲಿಟ್ಟಿದ್ದ ಕೈ ಹಿಂದಕ್ಕೆ ತೆಗೆದು, ಬೀದಿಯ ಆಚೆ ಬದಿಗೆ ದಾಟಿ ನಡೆದ.