ನಿಂಗರಾಜನ ಎರಡನೇ ನಂಬರು

ಎರಡು ಸಾವಿರದ ಮೂರನೇ ಇಸವಿ. ಪುಣೆಯ ವೃತ್ತಿಪರ ಒಳಾಂಗಣ ಟೆನಿಸ್ ಪಂದ್ಯಾವಳಿಯ ಫಲಿತಾಂಶ ಪೇಪರಿನಲ್ಲಿ ಬಂದದ್ದೇ ತಡ, ಬೈಲಹೊಂಗಲದಲ್ಲಿ ಸತ್ಕಾರ ಸಮಾರಂಭ ನಿಕ್ಕಿಯಾಯಿತು. ಮಹಿಳೆಯರಲ್ಲಿ ಗೆದ್ದವಳು ಇದೇ ಊರಿನ ಮೀನಾ. ಪುರುಷರಲ್ಲಿ ಮೊದಲ ಸುತ್ತಿಗೇ ಮಣ್ಣುಮುಕ್ಕಿದವನು ಇದೇ ಊರಿನ ನಿಂಗರಾಜ. ಬ್ಯಾನರಿನ ಮೇಲೆ ಮಾತ್ರ ಅವನ ಫೋಟೋ ಬಾಗಿಲಷ್ಟು, ಅವಳದು ಅಂಚೆಚೀಟಿಯಷ್ಟು.

ಬ್ಯಾನರು ನೋಡಿಯೇ ಮೀನಾಗೆ ಸಮಾರಂಭಕ್ಕೆ ಹೋಗುವುದೇ ಬೇಡವೆನಿಸಿತು. ಆದರೂ ಹೋದಳು, ಯಾಕೆಂದರೆ ಅವಳಿಗೆ ಗೋದಾಮಿನ ಬೀಗದ ಕೈ ಬೇಕಿತ್ತು. ಹತ್ತಿ ವ್ಯಾಪಾರಿ ನಿಜಗುಣಪ್ಪನ ಆ ಹಳೇ ಗೋದಾಮಿನಲ್ಲಿ ಬಲೆ ಕಟ್ಟಿಕೊಂಡು ಅವಳು ಆಟ ಕಲಿತಿದ್ದಳು. ಮಾಡಿನ ಕೆಳಗೆ ಆಡುವ ಜಾಗ ಸುತ್ತಮುತ್ತ ಅದೊಂದೇ. ಪುಣೆಯಲ್ಲಿ ಗೆದ್ದು ಬಂದವರಿಗೆ ಅದನ್ನು ಬಿಟ್ಟುಕೊಡುತ್ತೇನೆ, ಹುಡುಗರಿಗೆ ಆಟ ಕಲಿಸಲಿ ಎಂದು ಅವನೇ ಊರೆದುರು ಎದೆ ತಟ್ಟಿಕೊಂಡು ಹೇಳಿದ್ದ. ಮಗ ನಿಂಗರಾಜನೇ ಗೆಲ್ಲುತ್ತಾನೆಂಬ ಧೈರ್ಯ ಪಾಪ.

ಸಮಾರಂಭವೂ ಆ ಗೋದಾಮಿನಲ್ಲೇ. ನಿಜಗುಣಪ್ಪ ಮೈಕು ಹಿಡಿದ.

"ನಮ್ಮ ನಿಂಗರಾಜ ಯಾರ ಕೈಯಾಗ ಸೋತಾನ್ರಿ? ಚಾಂಪಿಯನ್ ಆದಾವನ ಕೈಯಾಗ! ಅಂದ್ರ ಎರಡನೇ ನಂಬರ್ ಇವಂದ ಆತಲ್ರಿ?"

ಕುಸ್ತಿ ಕಣದ ಸುತ್ತ ಬೆಳೆದ ಮಂದಿ ಹೌದೌದೆಂದರು. ದೊಡ್ಡ ಪೈಲ್ವಾನನ ಜೋಡಿಯಾಗಿ ಕಣಕ್ಕಿಳಿದು ಸೋತವನಿಗೂ ಪೇಟಾ ಸುತ್ತುವುದು ಅವರ ರೂಢಿ. ಟೆನಿಸ್ಸಿನ ಮೊದಲ ಸುತ್ತಿನಲ್ಲಿ ಚೀಟಿ ಎತ್ತಿದರೆ ಯಾವ ಮೈಗಳ್ಳನಿಗೂ ಅಂಥ ಜೋಡಿ ಬೀಳಬಹುದು ಎಂದು ಇವರಿಗೆ ತಿಳಿಹೇಳುವ ಉಮೇದು ಮೀನಾಗೆ ಇರಲಿಲ್ಲ. ಕುರಿಗಳೂ ಇಷ್ಟು ಒಟ್ಟಾಗಿ ತಲೆಯಾಡಿಸಲಾರವು ಎಂದುಕೊಂಡಳು.

ನಿಂಗರಾಜನಿಗೆ ಪೇಟಾ ಸುತ್ತಿದರು, ಶಾಲು ಹೊದಿಸಿದರು, ಕೊನೆಗೆ ಬೀಗದ ಕೈಯನ್ನೂ ಕೊಟ್ಟರು. ಒಂದು ಗೇಮೂ ಗೆಲ್ಲದೆ ಬಂದವನು ಗದ್ದ ಎತ್ತಿ ಫೋಟೋಕ್ಕೆ ಕೂತ.

ಹೆಣ್ಣುಮಗಳಿಗೆ ಪೇಟಾ ಸುತ್ತುವುದುಂಟೇ? ಉಡಿ ತುಂಬಿದರೆ ಮುಗಿಯಿತು. ಮೀನಾ ಸೆರಗೊಡ್ಡಿದಳು. ನಿಜಗುಣಪ್ಪನ ತಾಯಿ ಸಿದ್ದಲಿಂಗವ್ವ ಅಕ್ಕಿ, ಕುಬಸದ ಖಣ, ಉತ್ತತ್ತಿ, ತೆಂಗಿನಕಾಯಿ ಹಾಕಿದಳು. ತುಂಬಿದ ಉಡಿ ಹಿಡಿದುಕೊಂಡೇ ಮೀನಾ ನಿಂಗರಾಜನ ಕುರ್ಚಿಯೆದುರು ಹೋಗಿ ನಿಂತಳು.

"ಚಾಂಪಿಯನ್ ಕೈಯಾಗ ಸೋತ್ರ ಎರಡನೇ ನಂಬರ್ ಸಿಗತೈತೇನೋ? ನಾನೂ ಚಾಂಪಿಯನ್ ಅದೇನಿ. ಆಡೂ ಬಲೆ ಇಲ್ಲೇ ಐತಿ. ಏಳು, ಮಂದಿ ಮುಂದ ನನ್ನ ಕೈಯಾಗೂ ಸೋಲು. ಇನ್ನೊಂದು ಪೇಟಾ ಸುತ್ತತಾರ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಮುಂದಿನ ಸಾಲಿಗೂ ಬಂತು. ನಿಂಗರಾಜನ ಮುಖ ಬಿಳಿಚಿತು. ಅವಳ ಹೊಡೆತದ ರುಚಿಯನ್ನು ಇದೇ ನೆಲದ ಮೇಲೆ ಅವನು ಚಿಕ್ಕಂದಿನಿಂದ ಉಂಡಿದ್ದ.

"ನಂಗ ಬ್ಯಾಡವಾ, ನೀನ ಇಟಗೋ" ಎಂದು ಬೀಗದ ಕೈಯನ್ನು ಅವಳ ಉಡಿಗೆ ಒಗೆದುಬಿಟ್ಟ.

"ಏ ಹುಚ್ಚ, ತಗೀ ಅದನ್ನ!" ನಿಜಗುಣಪ್ಪ ಮೈಕು ಹಿಡಿದುಕೊಂಡೇ ಓಡಿಬಂದು ಅಕ್ಕಿಗೆ ಕೈ ಚಾಚಿದ. ಸಿದ್ದಲಿಂಗವ್ವ ಮಗನ ಮುಂಗೈ ಹಿಡಿದಳು.

"ಉಡಿಗೆ ಬಿದ್ದದ್ದು ತಿರುಗಿ ತಗೋತಾರೇನೋ? ಹೆಣ್ಣಮಗಳ ಉಡಿ ಅದು. ಸರಿ ಹಿಂದಕ್ಕ."

ಮೈಕು ಚಾಲೂ ಇತ್ತು. ಹೊರಗೆ ರಸ್ತೆಯಲ್ಲಿ ನಿಂತವರಿಗೂ ಕೇಳಿಸಿತು. ನಿಜಗುಣಪ್ಪ ಕೈ ಹಿಂದಕ್ಕೆ ತೆಗೆದುಕೊಂಡ.

ಮೀನಾ ಉಡಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿದಳು.

"ಸತ್ಕಾರ ಮುಗೀತಲ್ರಿ? ಎಲ್ಲಾರೂ ಹೊರಗ ನಡೀರಿ. ನಾ ಬಾಗಲಾ ಹಾಕಬೇಕು."