ದಿನೇ ದಿನೇ ಮೆತ್ತಗಾದ ಕಾರು

ರೇಡಿಯೋ ಮಾವನ ಕಾರು ನಮ್ಮ ಗ್ಯಾರೇಜಿನ ಬೀದಿಗೆ ತಿರುಗುವ ಮೊದಲೇ ಅದರ ಸದ್ದು ತಿರುಗಿತ್ತು. ಯಾರೋ ಟಾರು ರಸ್ತೆಯ ಮೇಲೆ ತಗಡು ಎಳೆದುಕೊಂಡು ಬರುತ್ತಿರುವ ಹಾಗೆ ಕರ್ರ್, ಪಟಪಟ, ಮತ್ತೆ ಕರ್ರ್. ಎದುರುಗಡೆ ಬೀಗ ರಿಪೇರಿ ಮಾಡುವವನು ಕೆಲಸ ನಿಲ್ಲಿಸಿ ಕತ್ತು ಉದ್ದ ಮಾಡಿದ. ಅಣ್ಣ ಚಹಾದ ಲೋಟ ಕೆಳಗಿಟ್ಟು, ಯಾವುದೋ ಗಾಡಿಯ ಅಂಡರ್ ಕವರ್ ಬಾಯಿಬಿಟ್ಟಿದೆ ಅಂದ.

ಅಂಡರ್ ಕವರ್ ಅಂದರೆ ಕಾರಿನ ಹೊಟ್ಟೆಗೆ ಮೂರು ತುಂಡಾಗಿ ಹೊದಿಸಿರುವ ದಪ್ಪ ಪ್ಲಾಸ್ಟಿಕ್ ಹಾಳೆ. ಹಳೆಯ ಗಾಡಿಗಳಲ್ಲಿ ಅದು ಇದ್ದರೂ ಸೈ, ಬಿದ್ದುಹೋದರೂ ಸೈ. ಪೆಟ್ರೋಲಿಗೂ ಬ್ಯಾಟರಿಗೂ ಓಡುವ ಈ ಹೈಬ್ರಿಡ್ ಗಾಡಿಗಳಲ್ಲಿ ಹಾಗಲ್ಲ. ಬ್ಯಾಟರಿಯಿಂದ ಮುಂದಕ್ಕೆ ಹೋಗುವ ಕಿತ್ತಳೆ ಬಣ್ಣದ ಭಾರಿ ಕರೆಂಟಿನ ವೈರು ಕೆಳಗೇ ಹಾದುಹೋಗುತ್ತದೆ. ಕಲ್ಲು ಕೆಸರು ಅದಕ್ಕೆ ತಾಗದಂತೆ ಕಾಯುವುದು ಈ ಹಾಳೆ. ಗಾಳಿ ನುಣ್ಣಗೆ ಜಾರಿಹೋಗುವಂತೆ ಮಾಡುವುದೂ ಇದೇ. ಹಾಳೆ ಹರಿದರೆ ಗಾಳಿ ಒಳಗೆ ಸಿಕ್ಕಿಕೊಂಡು ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ, ಮೈಲೇಜು ಇಳಿಯುತ್ತದೆ.

ಮಾವ ಬಂದಿದ್ದೂ ಮೈಲೇಜಿನ ದೂರು ಹೊತ್ತುಕೊಂಡೇ. ಕಾರಿನಿಂದ ಇಳಿದವರು ಬಾನೆಟ್ಟಿನ ಮೇಲೆ ಕುದುರೆಯ ಕತ್ತು ತಟ್ಟುವ ಹಾಗೆ ಎರಡು ಸಲ ತಟ್ಟಿದರು.

"ಪೆಟ್ರೋಲು ಸ್ವಲ್ಪ ಜಾಸ್ತಿ ಕುಡೀತಿದೆ ಮಗಳೇ. ಅದೊಂದು ಬಿಟ್ರೆ ಇದರಂಥ ಗಾಡಿ ಇನ್ನೊಂದಿಲ್ಲ. ದಿನೇ ದಿನೇ ಇನ್ನೂ ಮೆತ್ತಗಾಗ್ತಾ ಇದೆ. ಇಂಜಿನ್ ಓಡ್ತಿದೆಯೋ ಇಲ್ವೋ ಅನ್ನೋದೇ ಗೊತ್ತಾಗಲ್ಲ ನೋಡು."

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಮಾವ ಅಂತ ಕರೆಯುವುದು ಬಾಯಿರೂಢಿ, ನೆಂಟಸ್ತಿಕೆ ಏನೂ ಇಲ್ಲ. ನಲವತ್ತು ವರ್ಷ ಮೂರು ಅಡಿ ಅಗಲದ ಅಂಗಡಿಯಲ್ಲಿ ಕೂತು ರೇಡಿಯೋ ರಿಪೇರಿ ಮಾಡಿದವರು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ರೇಡಿಯೋಗೆ ಒಂದು ದಿನ ಶೀತ ಹಿಡಿದಂತಾಗಿತ್ತು. ಅಪ್ಪ ಅದನ್ನು ಎತ್ತಿಕೊಂಡು ಹೋದರೆ ಇವರು ಡಬ್ಬಿ ಬಿಚ್ಚಲೇ ಇಲ್ಲ. ಕಿವಿ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಇಂಥ ಕಡೆ ಬೆಸುಗೆ ಬಿಟ್ಟಿದೆ ಅಂದರು. ಬಿಚ್ಚಿ ನೋಡಿದರೆ ಅಲ್ಲೇ ಬಿಟ್ಟಿತ್ತಂತೆ. ಅಪ್ಪ ಆ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಅಂಗಡಿ ಮುಚ್ಚಿದ ಮೇಲೆ ಅವರಿಗೆ ಉಳಿದ ಡ್ಯೂಟಿ ಒಂದೇ. ಮಗಳು ಆಸ್ಪತ್ರೆಯಲ್ಲಿ ನರ್ಸು, ಬೆಳಕು ಹರಿಯುವ ಮುಂಚೆ ಹೊರಡುತ್ತಾಳೆ. ಏಳು ವರ್ಷದ ಮೊಮ್ಮಗಳನ್ನು ಊರಾಚೆಯ ಸ್ಕೂಲಿಗೆ ಬಿಡುವುದು ತಾತನ ಕೆಲಸ. ಮಧ್ಯಾಹ್ನ ಮಗಳೇ ಕರೆತರುತ್ತಾಳೆ. ಬೆಳಗಿನ ಆ ಅರ್ಧ ಗಂಟೆ ಹಿಂದಿನ ಸೀಟಿನಲ್ಲಿ ಕೂತು ಆ ಮಗು ಹೇಳುವ ಸುದ್ದಿ ಪೇಪರಿನಲ್ಲೂ ಬರುವುದಿಲ್ಲ ಅಂತ ಮಾವ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಈಚೆಗೆ ಅವಳ ಗಂಟಲು ಎಷ್ಟು ಜೋರಾಗಿದೆ ಅಂದರೆ, ಮುಂದೆ ಭಾಷಣಗಾರ್ತಿ ಆಗುವುದು ಖಂಡಿತ ಅಂತ ಆ ದಿನವೂ ಹೇಳಿದರು.

ಗಾಡಿ ಆಫ್ ಮಾಡಿಸಿ, ಅಕಸ್ಮಾತ್ ಚಾಲೂ ಆಗದಿರಲಿ ಅಂತ ಕೀಯನ್ನು ದೂರ ಕೂತ ಮಾವನ ಹತ್ತಿರವೇ ಬಿಟ್ಟು, ಲಿಫ್ಟಿಗೆ ಏರಿಸಿದೆ. ಎಡಗಡೆಯ ಹಾಳೆ ಪತ್ತೆಯೇ ಇಲ್ಲ. ಬೋಲ್ಟು ಕೂರುವ ತೂತುಗಳಲ್ಲಿ ಮಣ್ಣು ಗಟ್ಟಿಯಾಗಿತ್ತು. ಹಿಂದೆ ಎಲ್ಲೋ ಆಯಿಲ್ ಬದಲಾಯಿಸಿದವರು ಅರ್ಧ ಬೋಲ್ಟು ಹಾಕಿ ಅರ್ಧ ಮರೆತಿರಬೇಕು. ನಡುವಿನ ಹಾಳೆ ಎರಡೇ ಎರಡು ಕ್ಲಿಪ್ಪಿನ ಮೇಲೆ ಜೋತಾಡುತ್ತಿತ್ತು. ಟಾರ್ಚ್ ಹಿಡಿದು ಕಿತ್ತಳೆ ವೈರಿನ ಉದ್ದಕ್ಕೂ ನೋಡಿದೆ. ಧೂಳು ಮೆತ್ತಿಕೊಂಡಿತ್ತು, ಎಲ್ಲೂ ಗೀರು ಬಿದ್ದಿರಲಿಲ್ಲ. ಉಸಿರು ಬಿಟ್ಟೆ.

ಆಮೇಲೆ ಆ ನಡುವಿನ ಹಾಳೆಯನ್ನು ಬಿಚ್ಚಿ ಕೈಗೆ ತೆಗೆದುಕೊಂಡೆ. ಅದರ ಹಿಂದಿನ ಅಂಚು ಒಂದು ಗೇಣಿನಷ್ಟು ಇರಲೇ ಇಲ್ಲ. ಮುರಿದದ್ದಲ್ಲ, ಸವೆದದ್ದು. ಬಚ್ಚಲಲ್ಲಿ ತೇದು ತೇದು ತೆಳ್ಳಗಾದ ಸೋಪಿನ ಹಾಗೆ. ಇದು ಒಂದು ದಿನದ, ಒಂದು ವಾರದ ಸವೆತವಲ್ಲ. ಕಡಿಮೆ ಅಂದರೂ ಒಂದೂವರೆ ತಿಂಗಳು ಈ ಗಾಡಿ ಬೀದಿಗೆಲ್ಲ ಕೇಳುವಂತೆ ಕಿರುಚಿಕೊಂಡೇ ಓಡಾಡಿದೆ.

ಹೋದ ವಾರ ತರಕಾರಿ ಗಾಡಿಯವನು ಬೀದಿಯಲ್ಲಿ ನಡೆದು ಬರುತ್ತಿದ್ದ ಮಾವನ ಹಿಂದೆ ನಿಂತು ನಾಲ್ಕು ಸಲ ಹಾರ್ನ್ ಹೊಡೆದು ಬಾಯಿಗೆ ಬಂದಂತೆ ಬೈದದ್ದು ನೆನಪಾಯಿತು. ಇವರು ತಿರುಗಿಯೂ ನೋಡಿರಲಿಲ್ಲ. ಎಂಥ ತಾಳ್ಮೆ ಅಂತ ನಾನೂ ಅಣ್ಣನೂ ಮೆಚ್ಚಿಕೊಂಡಿದ್ದೆವು.

ಅಣ್ಣನನ್ನು ಮೂಲೆಗೆ ಕರೆದು ಅಂಚು ತೋರಿಸಿದೆ. ಅವನಿಗೆ ವಿವರಿಸಬೇಕಾಗಲಿಲ್ಲ. ಹಾಳೆಯನ್ನು ಗುಜರಿ ರಾಶಿಯ ಕೆಳಗೆ ತಳ್ಳಿಬಿಡು ಅಂದ. ಹೊಸ ಹಾಳೆ ತರಿಸಿ ಹಾಕಿದರೆ ನಮ್ಮ ಕೆಲಸ ಮುಗಿಯಿತು. ನಾವು ಗಾಡಿಯ ಡಾಕ್ಟರು, ಕಿವಿಯ ಡಾಕ್ಟರಲ್ಲ. ಆ ಮನುಷ್ಯನಿಗೆ ಉಳಿದಿರುವುದು ಅದೊಂದು ಅರ್ಧ ಗಂಟೆ, ಅದನ್ನು ಕಿತ್ತುಕೊಳ್ಳುವ ಪಾಪ ನಮಗೇಕೆ ಅಂದ. ತಪ್ಪು ಮಾತೇನಲ್ಲ.

ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಗಾಡಿಯಿಂದ ಏನೇ ಬಿಚ್ಚಿದರೂ ಅದನ್ನು ಗಾಡಿಯವರ ಕೈಗೇ ಕೊಡಬೇಕು, ಸವೆದ ವಾಷರ್ ಆದರೂ ಸರಿ. ಅಪ್ಪನ ಕಾಲದಿಂದ ನಡೆದುಬಂದದ್ದು. ಅಣ್ಣನೇ ನನಗೆ ಅದನ್ನು ಮೊದಲ ದಿನ ಕಲಿಸಿದವನು. ಈಗ ಅವನು ನೆಲ ನೋಡುತ್ತಾ ನಿಂತಿದ್ದ. ನಾನು ಹಿಂದಿನ ಸೀಟಿನಲ್ಲಿ ಕೂರುವ ಮಗುವನ್ನು ನೆನೆದುಕೊಂಡು ಹಾಳೆ ಎತ್ತಿಕೊಂಡು ಹೊರಗೆ ಹೋದೆ.

ಮಾವ ಹಳೇ ಟೈರುಗಳ ಮೇಲೆ ಕೂತಿದ್ದರು. ಹಾಳೆಯನ್ನು ಅವರ ಮಡಿಲಲ್ಲಿಟ್ಟೆ. ನಲವತ್ತು ವರ್ಷ ರಿಪೇರಿ ಮಾಡಿದ ಬೆರಳು ತಾನಾಗಿಯೇ ಅಂಚಿಗೆ ಹೋಯಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಮತ್ತೆ ವಾಪಸು ಬಂತು. ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದರು. ಎಲ್ಲಿತ್ತು ಇದು ಅಂತ ಕೇಳಿದರು. ರಸ್ತೆ ಮೇಲೆ ಎಳೆದಾಡುತ್ತಿತ್ತು ಅಂದೆ. ಬೆರಳು ನಿಂತಿತು.

"ಸದ್ದು ಬರ್ತಿತ್ತಾ?"

"ಬರ್ತಿತ್ತು ಮಾವ."

ಹಾಳೆಯನ್ನು ಮಡಿಲಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಎದ್ದು, ರಿಪೇರಿಗೆ ಬಂದ ಸೆಟ್ಟನ್ನು ಪರೀಕ್ಷೆ ಮಾಡುವ ದನಿಯಲ್ಲೇ, ತಾವು ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದಾಗಿಯೂ, ನಾನು ಹಾಳೆಯನ್ನು ನೆಲದ ಮೇಲೆ ಎಳೆಯಬೇಕೆಂದೂ, ಕೇಳಿಸಿದ ಕೂಡಲೇ ಬೆರಳು ಎತ್ತುವುದಾಗಿಯೂ ಹೇಳಿದರು.

ಹತ್ತು ಹೆಜ್ಜೆ ದೂರದಿಂದ ಎಳೆದೆ. ಬೀಗದವನು ಮತ್ತೆ ಕತ್ತು ಎತ್ತಿದ. ಮಾವನ ಕೈ ತೊಡೆಗೆ ಅಂಟಿಕೊಂಡೇ ಇತ್ತು. ಐದು ಹೆಜ್ಜೆಗೆ ಬಂದು, ಒತ್ತಿ ಹಿಡಿದು ಎಳೆದೆ. ಅಣ್ಣ ಹಲ್ಲು ಕಚ್ಚಿದ. ಆ ಕೈ ಏಳಲಿಲ್ಲ. ಮೂರನೇ ಸಲ ಅವರ ಹಿಮ್ಮಡಿಯ ಹತ್ತಿರವೇ ಎಳೆದಾಗ ಬೆರಳು ಚಟ್ಟನೆ ಮೇಲೆದ್ದಿತು. ತಿರುಗಿದ ಮುಖದಲ್ಲಿ ಗೆದ್ದ ಹುಡುಗನ ಕಳೆ.

"ಶುರು ಮಾಡಿದ ಕೂಡ್ಲೇ ಹಿಡಿದೆ ನೋಡು."

ಅವರ ಬೆನ್ನ ಹಿಂದೆ ಅಣ್ಣ ನನಗೆ ಒಂದು ಬೆರಳು ತೋರಿಸಿದ. ಒಂದೇ ಸಲ ಅಂತ ಹೇಳು, ಅಲ್ಲಿಗೆ ಬಿಡು ಅಂತ. ಹೇಳಿಬಿಡಬಹುದಿತ್ತು. ಬಾಯಿ ತೆರೆದೂ ಇದ್ದೆ.

"ಅದು ಮೂರನೇ ಸಲ ಮಾವ."

ಅವರು ನನ್ನ ತುಟಿಯನ್ನೇ ನೋಡಿದರು. ಆಗ ನನಗೆ ಹೊಳೆಯಿತು, ಇಷ್ಟು ದಿನವೂ ಅವರು ಹಾಗೇ ನೋಡುತ್ತಿದ್ದರು. ಮತ್ತೆ ಟೈರಿನ ಮೇಲೆ ಕೂತರು. ಕಾರಿಗೆ ಅಷ್ಟೊಂದು ಹೊಗಳಿಕೆ ಸುರಿದೆನಲ್ಲ ಅಂತ ತಮ್ಮಷ್ಟಕ್ಕೇ ಅಂದುಕೊಂಡು ಸ್ವಲ್ಪ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು.

"ಹಾಗಾದ್ರೆ ಆ ಮಗು ಭಾಷಣಗಾರ್ತಿ ಆಗ್ತಿರ್ಲಿಲ್ಲ," ಅಂದರು. "ನನಗೋಸ್ಕರ ಕಿರುಚ್ತಿತ್ತು."

ನಾನು ಪಕ್ಕದಲ್ಲಿ ಕೂತೆ. ಅಣ್ಣ ಇನ್ನೊಂದು ಲೋಟ ಚಹಾ ತಂದು ಅವರ ಕೈಗೆ ಕೊಟ್ಟ, ಅದು ಆರುವವರೆಗೂ ಅವರ ಕೈಯಲ್ಲೇ ಇತ್ತು. ಮಗಳಿಗೆ ಹೇಳಿದರೆ ಕೀ ಹೋಗುತ್ತದೆ, ಹೇಳದಿದ್ದರೆ ನಾಳೆ ಯಾವ ಲಾರಿಯ ಹಾರ್ನು ಕೇಳಿಸದೆ ಹೋಗುತ್ತದೋ ಅಂತ ಅವರೇ ಎರಡೂ ಕಡೆ ತೂಗಿದರು. ಕೊನೆಗೆ ಜೇಬಿನಿಂದ ಫೋನು ತೆಗೆದು, ಮಗಳ ನಂಬರು ಒತ್ತಿ, ನನ್ನ ಕೈಗಿಟ್ಟರು. ಫೋನಿನಲ್ಲಿ ಬಹಳ ದಿನದಿಂದ ಅರ್ಧ ಊಹೆ ಮಾಡಿಯೇ ಮಾತಾಡುತ್ತಿದ್ದೇನೆ, ನೀನು ಕೇಳಿ ನನ್ನ ಮುಖ ನೋಡಿ ಹೇಳು ಅಂದರು.

ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಆ ಕಡೆ ಆಸ್ಪತ್ರೆಯ ಗದ್ದಲ, ಯಾವುದೋ ಗಾಡಿ ತಳ್ಳಿಕೊಂಡು ಹೋಗುವ ಸದ್ದು. ಏನಂತಾಳೆ ಅಂತ ಮಾವ ಹುಬ್ಬು ಎತ್ತಿದರು. ಕಡೆಗೆ ಅವಳು ಮೂಗು ಎಳೆದುಕೊಂಡು, ಟಿವಿಯ ಸದ್ದು ಜಾಸ್ತಿ ಆದಾಗಲೇ ತನಗೆ ತಿಳಿಯಬೇಕಿತ್ತು, ಬೇರೆಯವರ ಅಪ್ಪಂದಿರಿಗೆ ಕಿವಿ ತೋರಿಸಿಕೊಳ್ಳಿ ಅಂತ ದಿನಾ ಹೇಳುವವಳು ತಾನು ಅಂದಳು. ಗುರುವಾರ ಕಿವಿ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುವುದಾಗಿ ಹೇಳಿದಳು. ಅಲ್ಲಿಯವರೆಗೆ ಬೆಳಗಿನ ಡ್ಯೂಟಿಯನ್ನು ಬೇರೆಯವರಿಗೆ ಬಿಟ್ಟು ತಾನೇ ಮಗುವನ್ನು ಸ್ಕೂಲಿಗೆ ಬಿಡುತ್ತೇನೆ ಅಂದಳು. ಇದನ್ನು ನಾನು ಒಂದೊಂದೇ ಮಾತಾಗಿ ಮಾವನ ಮುಖ ನೋಡಿ ಹೇಳಿದೆ.

ಕೊನೆಯ ಮಾತಿಗೆ ಅವರು ಬೇಡ ಅಂತ ತಲೆ ಅಲ್ಲಾಡಿಸಿದರು.

"ಕಾರು ಇಲ್ಲೇ ಇರ್ಲಿ ಅನ್ನು. ಕವರ್ ಹಾಕಿಸಿದ್ಮೇಲೂ ಡಾಕ್ಟರು ಹೂಂ ಅನ್ನೋವರೆಗೆ ನಾನು ಮುಟ್ಟಲ್ಲ. ಆದ್ರೆ ಮಗೂನ ಸ್ಕೂಲಿಗೆ ಬಿಡೋದು ನಾನೇ. ಬಸ್ಸಲ್ಲಿ."

ಬಸ್ಸಿಗೆ ಒಂದು ಗಂಟೆ ಹಿಡಿಯುತ್ತದೆ, ಎರಡು ಕಡೆ ಬದಲಾಯಿಸಬೇಕು ಅಂತ ಮಗಳು ಹೇಳಿದಳು. ಅದನ್ನೂ ಮಾವನಿಗೆ ಹೇಳಿದೆ. ಮಾವ ಯೋಚನೆ ಮಾಡಿದರು. ಒಂದು ಗಂಟೆ ಆದರೆ ಇನ್ನೂ ಒಳ್ಳೆಯದೇ ಅನ್ನಿಸಿತೇನೋ, ಮುಖ ಸ್ವಲ್ಪ ಸಡಿಲವಾಯಿತು.

"ಬಸ್ಸಲ್ಲಾದ್ರೆ ಅವಳು ಪಕ್ಕದಲ್ಲಿ ಕೂರ್ತಾಳೆ," ಅಂದರು. "ಮುಖ ಕಾಣುತ್ತೆ. ಪಾಪ, ಮೆಲ್ಲಗೆ ಮಾತಾಡ್ಬಹುದು."

ಇದನ್ನು ಫೋನಿಗೆ ಹೇಳಹೊರಟೆ. ಅವಳಿಗೆ ಆಗಲೇ ಕೇಳಿಸಿತ್ತು. ಸರಿ ಅನ್ನು ಅಪ್ಪನಿಗೆ, ಅಷ್ಟೇ ಅಂದಳು.

ಮಾವ ಕೀ ಗೊಂಚಲಿನಿಂದ ಮನೆಯ ಕೀ ಬಿಡಿಸಿಕೊಂಡು, ಕಾರಿನದನ್ನು ಅಣ್ಣನ ಅಂಗೈಯಲ್ಲಿಟ್ಟರು. ಸ್ಕೂಲಿನ ಕಡೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರು. ಅಣ್ಣ ಕಪಾಟಿನೊಳಗೆ ತಲೆ ಹಾಕಿ ಕ್ಲಿಪ್ಪಿನ ಡಬ್ಬಿ ಹುಡುಕುತ್ತಲೇ ಏಳೂ ಹತ್ತಕ್ಕೆ ಅಂದ. ಏನು ಅಂದರು ಮಾವ. ಅಣ್ಣ ಡಬ್ಬಿ ಬಿಟ್ಟು, ಅವರ ಎದುರಿಗೆ ಬಂದು ನಿಂತು, ಇನ್ನೊಮ್ಮೆ ನಿಧಾನವಾಗಿ ಹೇಳಿದ.